ಪರದೆಯ ಈಚೆ ಕೂತು ಉಂಡದ್ದು

ಗೆಳತಿ ಫೋನ್ ಮಾಡಿ, "ಭಾನುವಾರ ಮಧ್ಯಾಹ್ನ ಊಟಕ್ಕ ಬಾ. ಮನಿಗಲ್ಲ, ಆ ಹೊಸಾ ಬಿಸ್ಟ್ರೋಕ್ಕ," ಎಂದಾಗ ನಾನು ಮಾನ್ವಿಯ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ರಾಯಚೂರಿನಲ್ಲಿ ಅಂಥದೊಂದು ದುಬಾರಿ ಹೋಟೆಲು ಆಗಿದೆ, ಅಲ್ಲಿ ದೇಶವಿದೇಶದ ವೈನ್ ಸಿಗುತ್ತದೆ ಎಂದು ನಮ್ಮ ಶಾಲೆಯ ಗಂಡಸರು ಮಾತಾಡಿಕೊಂಡದ್ದನ್ನು ಕೇಳಿದ್ದೆ. ಅಲ್ಲಿಗೆ ನಾವೂ ಹೋಗಬಹುದು ಎಂಬುದು ಮಾತ್ರ ತಲೆಗೇ ಬಂದಿರಲಿಲ್ಲ.

ನಾವು ಮೂವರು ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದವರು. ನಾನು ಟೀಚರಾದೆ. ದೇವದುರ್ಗದವಳು, ಕುರಿ ಸಾಕುವ ಮನೆಯ ಮಗಳು, ನರ್ಸ್ ಆದಳು. ಈಗ ಊಟಕ್ಕೆ ಕರೆದವಳು ರಾಯಚೂರಿನ ರೈಸ್ ಮಿಲ್ಲಿನ ಮನೆಗೆ ಸೊಸೆಯಾಗಿ ಹೋದಳು. ಗಂಡ ತೀರಿಕೊಂಡ ಮೇಲೆ ಮಿಲ್ಲನ್ನು ಅವಳೇ ನಡೆಸುತ್ತಿದ್ದಾಳೆ. ಭತ್ತ ನೋಡಲು ಪೋತ್ನಾಳದವರೆಗೂ ತಾನೇ ಹೋಗುತ್ತಾಳೆ. ಆದರೆ ವ್ಯಾಪಾರದ ದೊಡ್ಡ ಮಾತುಗಳೆಲ್ಲ ಗಂಡಸರ ಊಟದ ಟೇಬಲ್ಲಿನಲ್ಲೇ ಮುಗಿದುಹೋಗುತ್ತಿದ್ದವು. ಅವಳ ಪರವಾಗಿ ಅಲ್ಲಿ ಕೂರುತ್ತಿದ್ದವರು ಗಂಡನ ಅಣ್ಣ. ಅವರು ಬಂದು "ಹಿಂಗ ಆತವ್ವಾ" ಎಂದರೆ ಇವಳು ತಲೆಯಾಡಿಸಬೇಕು. ಈಚೆಗೆ ಆ ಊಟಗಳು ಇದೇ ಬಿಸ್ಟ್ರೋದಲ್ಲಿ ನಡೆಯುತ್ತಿದ್ದವಂತೆ.

ಭಾನುವಾರ ಬಿಸ್ಟ್ರೋದ ಬಾಗಿಲಲ್ಲೇ ಮ್ಯಾನೇಜರ್ ಕೇಳಿದ: "ಸಾಹೇಬ್ರು ಹಿಂದಿಂದ ಬರಾಕತ್ತಾರೇನ್ರಿ?"

"ಯಾವ ಸಾಹೇಬ್ರೂ ಇಲ್ಲ. ನಾವು ಮೂರೇ ಮಂದಿ," ಎಂದಳು ಮಿಲ್ಲಿನ ಗೆಳತಿ.

ಅವನು ನಮ್ಮನ್ನು ಹಿಂದುಗಡೆಯ ಫ್ಯಾಮಿಲಿ ರೂಮಿಗೆ ಕರೆದೊಯ್ದು ಪರದೆ ಸರಿಸಿದ. ಅವಳು ಹೊಸ್ತಿಲಲ್ಲೇ ನಿಂತಳು.

"ಮಿಲ್ ನಡಸಾಕ ನಾಲ್ಕು ಮಂದಿ ಮುಂದ ಬರ್ತೀನಿ. ಉಣ್ಣಾಕ ಯಾಕ್ರಿ ಪರದಿ ಹಿಂದ ಹೋಗ್ಲಿ?"

ಹೊರಗೆ ಬಂದು ನಡುಮಧ್ಯದ ಟೇಬಲ್ಲಿಗೆ ಹೋಗಿ ಕೂತಳು. ಕೆಂಪು ವೈನ್ ತರಿಸಿದಳು. ಅವಳೂ ಅದನ್ನು ಕುಡಿಯುತ್ತಿದ್ದದ್ದು ಅದೇ ಮೊದಲು. ನರ್ಸ್ ಗೆಳತಿ ಮೋಸಂಬಿ ಜ್ಯೂಸ್ ಹೇಳಿದಳು. "ನಾ ಕುಡ್ಯಂಗಿಲ್ಲ. ನಿಂಗ ಬೇಕಂದ್ರ ನೀ ಕುಡಿ. ಅದಕ್ಯಾಕ ನನ್ನ ಮಾರಿ ನೋಡ್ತಿ?" ಎಂದು ನನ್ನನ್ನು ಗದರಿದಳು. ನಾನು ಚಿಕ್ಕಂದಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವಳು. ಮನಸ್ಸು ಹಿಂದೆಮುಂದೆ ನೋಡಿತು. ಆದರೂ ಗ್ಲಾಸು ಮುಂದೆ ಮಾಡಿದೆ. ವಾಸನೆ ನೇರಳೆ ಹಣ್ಣಿನ ಹಾಗಿತ್ತು. ಒಂದು ಗುಟುಕು ಕುಡಿದರೆ ನಾಲಿಗೆಯೆಲ್ಲ ಒಗರು. ಹಿಡಿಸಲಿಲ್ಲ, ಕೆಳಗಿಟ್ಟೆ.

ಪಾಸ್ತಾ ಬರುವಷ್ಟರಲ್ಲಿ ಮಿಲ್ಲಿನ ಗೆಳತಿಯ ಭಾವ, ಅದೇ ಗಂಡನ ಅಣ್ಣ, ಇಬ್ಬರು ಅಕ್ಕಿ ವ್ಯಾಪಾರಿಗಳೊಂದಿಗೆ ಒಳಗೆ ಬಂದರು. ಆಚೆ ಕೂತು ವಿಸ್ಕಿ ತರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಭಾವ ನಮ್ಮನ್ನು ನೋಡಿ, ಎದ್ದು ನೇರ ನಮ್ಮಲ್ಲಿಗೇ ಬಂದರು.

"ಇದೇನವ್ವಾ, ಇಷ್ಟು ಮಂದಿಯೊಳಗ?"

"ಊಟ ಮಾಡಾಕತ್ತೀವ್ರಿ ಭಾವಾರ. ಬರ್ರಿ, ಕುಂದರ್ರಿ."

"ಗ್ಲಾಸಿನ್ಯಾಗ ಏನದ ಅಂತ ನಂಗ ತಿಳ್ಯಂಗಿಲ್ಲೇನು? ಗಂಡ ಸತ್ತಾಕಿ ನೀನು. ಲಿಂಗ ಕಟ್ಟಿದ ಮನಿ ನಮ್ದು."

"ನಿಮ್ಮ ಕೊರಳಾಗೂ ಲಿಂಗ ಅದರೀ. ನಿಮ್ಮ ಗ್ಲಾಸಿನ್ಯಾಗೂ ಏನೋ ಅದ."

"ಗಂಡಸ್ರ ಮಾತು ಬ್ಯಾರೆ."

"ಬ್ಯಾರೆ ಇದ್ರ ಇರ್ಲಿ. ನಾ ಮಾತ್ರ ಎದ್ದು ಹೋಗಂಗಿಲ್ಲ."

ಅವರು ನನ್ನ ಕಡೆ ತಿರುಗಿದರು. "ಟೀಚರ್ರ, ನೀವರ ಬುದ್ಧಿ ಹೇಳಬಾರದೇನ್ರಿ? ಮಕ್ಕಳಿಗೆ ಪಾಠ ಹೇಳೋರು ನೀವು."

ಗ್ಲಾಸನ್ನು ಮೆನು ಕಾರ್ಡಿನ ಹಿಂದೆ ಸರಿಸಲು ಕೈ ಆಗಲೇ ಹೊರಟಿತ್ತು. ಅಷ್ಟರಲ್ಲಿ ನನ್ನ ಮೇಲೆಯೇ ಸಿಟ್ಟು ಬಂತು. ಇವರಿಗೆ ನಾನೇಕೆ ಹೆದರಬೇಕು? ಗ್ಲಾಸೆತ್ತಿ, ಅವರ ಎದುರಿಗೇ ಪೂರ್ತಿ ಕುಡಿದು ಕೆಳಗಿಟ್ಟೆ.

"ಇವತ್ತು ಸಾಲಿ ಸೂಟಿ ಅದರೀ," ಎಂದೆ.

ನರ್ಸ್ ಗೆಳತಿಗೆ ನಗು ತಡೆಯಲಾಗಲಿಲ್ಲ. ಭಾವ ತಮ್ಮ ಟೇಬಲ್ಲಿಗೆ ವಾಪಸು ಹೋದರು. ಅವರ ಹಿಂದೆಯೇ ಮಿಲ್ಲಿನ ಗೆಳತಿಯೂ ಎದ್ದಳು. ವ್ಯಾಪಾರಿಗಳ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಮಿಲ್ಲಿನ ಅಕ್ಕಿ ಮಾತು ಇನ್ನ ನನ್ನ ಕೂಡ ಆಡ್ರಿ. ಮಿಲ್ಲಿಗೆ ಬರ್ರಿ, ಇಲ್ಲಾ ಇಲ್ಲಿಗೇ ಕರೀರಿ. ನಾನ ಬರ್ತೀನಿ."

ವಾಪಸು ಬಂದು ಕೂತು ಅವಳು ಫೋರ್ಕು ಕೈಗೆತ್ತಿಕೊಂಡಳು. ನರ್ಸ್ ಗೆಳತಿ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿ, "ಕುದರಿ ಓಡಿದಂಗ ಓಡಾಕತ್ತದ. ಸುಮ್ನ ಉಣ್ಣು," ಎಂದಳು. ಆರಿದ ಪಾಸ್ತಾವನ್ನೇ ಮೂವರೂ ತಿಂದೆವು. ಬಾಟಲಿಯಲ್ಲಿ ಇನ್ನೂ ಉಳಿದಿತ್ತು, ಅವಸರ ಮಾಡಲಿಲ್ಲ. ಆ ಗಂಡಸರೇ ಮೊದಲು ಎದ್ದು ಹೋದರು.

ಸುದ್ದಿ ನನಗಿಂತ ಮುಂಚೆ ಮಾನ್ವಿ ಮುಟ್ಟಿತ್ತು. ಕವಿತಾಳದಿಂದ ನನ್ನ ಅಕ್ಕ ಫೋನ್ ಮಾಡಿ ಅತ್ತಳು. ಬಸ್ಸಿಳಿದು ಮನೆಗೆ ಬಂದರೆ ಗಂಡ ಬಾಗಿಲಲ್ಲೇ ನಿಂತಿದ್ದರು.

"ಕುಡದಿ ಅಂತ?"

"ಹೌದು. ಒಗರಿತ್ತು."

ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು. ನಾನು ಒಳಗೆ ಹೋಗಿ ಅಕ್ಕಿ ತೊಳೆದಿಟ್ಟೆ.

ಭಾವ ಅವಳ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ. ತಮ್ಮ ಮನೆಯ ಗೃಹಪ್ರವೇಶಕ್ಕೂ ಕರೆಯಲಿಲ್ಲ. ಆ ದಿನ ಅವಳು ಫೋನಿನಲ್ಲಿ ಬಹಳ ಅತ್ತಳು. ಅತ್ತು ಮುಗಿಸಿ, "ಸೋತೆ ಅನ್ಕೋಬ್ಯಾಡಲೇ," ಎಂದಳು. ಇಬ್ಬರು ವ್ಯಾಪಾರಿಗಳಲ್ಲಿ ಒಬ್ಬರು ಆಮೇಲೆ ಅವಳತ್ತ ತಿರುಗಿಯೂ ನೋಡಲಿಲ್ಲ. ಇನ್ನೊಬ್ಬರು ಮಿಲ್ಲಿಗೇ ಬಂದು ಅವಳೊಂದಿಗೆ ಮಾತಾಡಿದರು, ಈಗಲೂ ಬರುತ್ತಾರೆ.

ನಾನು ಮತ್ತೆ ವೈನ್ ಮುಟ್ಟಿಲ್ಲ. ನನಗೆ ಅದರ ರುಚಿ ಸೇರುವುದಿಲ್ಲ, ಅಷ್ಟೆ. ಆದರೆ ಕುಡಿದಿದ್ದೀರಾ ಎಂದು ಯಾರಾದರೂ ಹುಬ್ಬೇರಿಸಿ ಕೇಳಿದರೆ ಕುಡಿದಿದ್ದೇನೆ ಎನ್ನುತ್ತೇನೆ. ಯಾರೊಂದಿಗೆ, ಎಲ್ಲಿ ಕೂತು ಎಂಬುದನ್ನೂ ಹೇಳುತ್ತೇನೆ.