ಗುಂಡಿಯಿಂದ ಟಿಕೆಟ್‌ವರೆಗೆ

ಹುಬ್ಬಳ್ಳಿಯ ನಮ್ಮ ಆಫೀಸಿನ ಹಿರಿಯ ಮೇಡಂ ವೇಗ ಹೆಚ್ಚಾಯಿತೆಂದು ಯಾವ ಅಂಕಿ ತೋರಿಸಿದರೂ ಕನ್ನಡಕ ಹಣೆಗೇರಿಸಿ, "ಲಗೂ ಆತು ಖರೇ, ಯಾರಿಗೆ ಆತ್ರಿ?" ಅನ್ನುತ್ತಿದ್ದರು.

ನಾವು ಬಸ್ ಟಿಕೆಟ್ ಯಂತ್ರದ ಪ್ರೋಗ್ರಾಂಗಳನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಮಾಡುತ್ತಿದ್ದೆವು. ಅದರಲ್ಲಿ ನಾನು ಮಾಡಿದ ಬದಲಾವಣೆಯಿಂದ ಆಫೀಸಿನ ಕಂಪ್ಯೂಟರಿನಲ್ಲಿ ಹನ್ನೊಂದು ಪರೀಕ್ಷೆಗಳೂ ಬೇಗ ಮುಗಿಯುತ್ತಿದ್ದವು. ಮರುದಿನವೇ ಅದು ಬಸ್ಸುಗಳಿಗೆ ಹೋಗುವುದಿತ್ತು.

ಮೇಡಂ ಹೊಸ ಪ್ರೋಗ್ರಾಂ ತುಂಬಿದ ಟಿಕೆಟ್ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಕಂಡಕ್ಟರ್ ಹಾಗೆ ನಿಂತರು. "ಬೆಂಗೇರಿ ಟಿಕೀಟ ಕೇಳ್ರಿ."

ಕೇಳಿದೆ. ಗುಂಡಿ ಒತ್ತಿದರು. ಚುರುಕು ಮಾಡಹೋಗಿ ನನ್ನ ಬದಲಾವಣೆ ಹಿಗ್ಗಿಸಿದ ಪ್ರೋಗ್ರಾಂ ಯಂತ್ರದ ಸಣ್ಣ ಮೆಮೊರಿಯಲ್ಲಿ ಹಿಡಿಸದೆ ಒದ್ದಾಡಿತು. ಟಿಕೆಟ್ ಬರಲೇ ಇಲ್ಲ.

"ಬೆಂಗೇರಿ ಬಂತು, ಇಳೀರಿ," ಅಂದರು.

ಸದ್ಯ, ಬಸ್ಸಿಗೆ ಹೋಗುವ ಮುಂಚೆ ಗೊತ್ತಾಯಿತು! ಆಫೀಸಿನ ಬೋರ್ಡಿನ ಮೇಲೆ ನಾನು ಬರೆದಿದ್ದ ಹನ್ನೊಂದೂ ಪರೀಕ್ಷೆಗಳ ಅಳತೆ ಒರೆಸಿ ಅವರು ಒಂದನ್ನೇ ಬರೆದರು: ಗುಂಡಿ ಒತ್ತಿದಾಗಿನಿಂದ ಟಿಕೆಟ್ ಕೈಗೆ ಬರುವವರೆಗೆ.

ಇವತ್ತಿಗೂ ಬಸ್ಸಿನಲ್ಲಿ ಕಂಡಕ್ಟರ್ ಗುಂಡಿ ಒತ್ತಿದರೆ ಉಸಿರು ಹಿಡಿಯುತ್ತೇನೆ. ಟಿಕೆಟ್ ಬಂದಮೇಲೇ ಸೀಟಿಗೆ ಒರಗುತ್ತೇನೆ.