ಡಬ್ಬಿಯ ಮೇಲಿನ ಹೆಸರು

ಮೋಡೆಮ್ ಕಿರುಚಲು ಶುರುಮಾಡಿದರೆ ಸಾಕು, ಮೇಡಂ ಎಡಗೈ ಎತ್ತಿಬಿಡುತ್ತಿದ್ದರು. ಹಸಿರು ಗಾಜಿನ ಬಳೆಗಳು ಘಲ್ಲೆಂದು ಮೊಣಕೈವರೆಗೆ ಜಾರುತ್ತಿದ್ದವು, ಫ್ಯಾಕ್ಟರಿಯ ಇಡೀ ಆಫೀಸು ಬಾಯಿ ಮುಚ್ಚುತ್ತಿತ್ತು. ಲೈನು ಸಿಕ್ಕಿತೋ, ಮೇಜು ಕುಟ್ಟಿ ನಗುವರು. ಐವತ್ತರ ಹತ್ತಿರದ ಹೆಂಗಸು, ಕುಣಿಯುವುದೊಂದು ಬಾಕಿ.

ತೊಂಬತ್ತರ ದಶಕದ ಮಾತು. ನಂಜನಗೂಡಿನ ತಾಂಡ್ಯದಲ್ಲಿ ನಮ್ಮ ಅವಲಕ್ಕಿ ಫ್ಯಾಕ್ಟರಿ, ಭತ್ತ ಕೊಳ್ಳುವ ಆಫೀಸು ನರಸೀಪುರದಲ್ಲಿ. ಫ್ಯಾಕ್ಟರಿಯ ಕಂಪ್ಯೂಟರ್ ಮೇಡಂ ಕೈಯಲ್ಲಿ, ನರಸೀಪುರದ್ದು ನನ್ನ ಕೈಯಲ್ಲಿ. ಅದು ನನ್ನ ಮೊದಲ ಕೆಲಸ. ಮನೆ ನಡೆಯುತ್ತಿದ್ದುದೇ ಆ ಸಂಬಳದಿಂದ. ಎರಡನ್ನೂ ಮೋಡೆಮ್ ಮೂಲಕ ಫೋನ್ ಲೈನಿನಲ್ಲಿ ಜೋಡಿಸಿ, ಸಂದೇಶ ಹೋಗಿ ಬರುವಂತೆ ಮಾಡಿದವರು ಮೇಡಂ. ಲೈನು ಸಿಕ್ಕಾಗಲೆಲ್ಲ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಂದೇಶಗಳು ತಾವಾಗಿಯೇ ಹೋಗುತ್ತಿದ್ದವು.

ಜೋಡಿಸಿದ ಮೇಲೆ ಶುರುವಾಯಿತು ನೋಡಿ ಪೀಕಲಾಟ. ಎರಡೂ ಕಂಪ್ಯೂಟರುಗಳು ತಮ್ಮ ತಮ್ಮ ಸಂದೇಶಗಳಿಗೆ ಒಂದರಿಂದಲೇ ನಂಬರು ಹಾಕುತ್ತಿದ್ದವು. ನನ್ನ ಏಳನೆಯದು ಹೋದರೆ, ಏಳು ಆಗಲೇ ನನ್ನಲ್ಲಿದೆಯಲ್ಲ ಎಂದುಕೊಂಡು ಅಲ್ಲಿನ ಯಂತ್ರ ಅದನ್ನು ಎಸೆದುಬಿಡುತ್ತಿತ್ತು. ಮೇಡಂ ಉಪಾಯ ಹುಡುಕಿದರು: ಬಂದ ಸಂದೇಶಕ್ಕೆಲ್ಲ ಬಂದ ಕಡೆಯಲ್ಲೇ ಹೊಸ ನಂಬರು. ಅಯ್ಯೋ, ಅದು ಇನ್ನೂ ಚೆಂದ! "ಒಂದು ಲಾರಿ ಭತ್ತ ಕಳಿಸಿ" ಎಂಬ ಸಂದೇಶ ನನ್ನಲ್ಲಿ ಹೊಸ ನಂಬರು ತೊಟ್ಟು, ಹೊಸದೆಂದೇ ಫ್ಯಾಕ್ಟರಿಗೆ ವಾಪಸಾಗಿ, ಅಲ್ಲಿ ಇನ್ನೊಂದು ನಂಬರು ತೊಟ್ಟು ಮತ್ತೆ ನನ್ನಲ್ಲಿಗೇ ಬಂತು. ಪ್ರಿಂಟರ್ ಬಡಿದದ್ದೇ ಬಡಿದದ್ದು. ಗೋಡೌನಿನವರು ಪ್ರಿಂಟಾದ ಪ್ರತಿ ಹಾಳೆಗೂ ಒಂದೊಂದು ಲಾರಿ ಹೊರಡಿಸಿದರು. ಫ್ಯಾಕ್ಟರಿ ಗೇಟಿನ ಮುಂದೆ ಲಾರಿಗಳ ಸಾಲೋ ಸಾಲು.

ಫ್ಯಾಕ್ಟರಿಯ ಮಾಲೀಕರು, ನಮ್ಮ ಸಾಹುಕಾರರು, ಕೆಂಡವಾದರು. ವೈರೂ ಕೀಳಿ, ನರಸೀಪುರದ ಹುಡುಗಿಯನ್ನೂ, ಅಂದರೆ ನನ್ನನ್ನೂ, ಬಿಡಿಸಿ ಎಂದರು. ಮೇಡಂ ಎಲ್ಲರ ಎದುರೇ ಹೇಳಿದರಂತೆ: "ತಪ್ಪು ನಂದು ಸಾ, ಅವಳ್ದಲ್ಲ. ಸೋಮವಾರದವರ್ಗೂ ಬಿಡಿ."

ಮರುದಿನವೇ ಬಸ್ಸು ಹತ್ತಿ ನನ್ನ ಬಳಿ ಬಂದರು. ಮಧ್ಯಾಹ್ನ ಊಟಕ್ಕೆ ಕೂತೆವು. ಕೆಲಸ ಹೋದರೆ ಮನೆಯಲ್ಲಿ ಏನು ಹೇಳಲಿ ಎಂದೇ ನಾನು ಕೇಳುತ್ತಿದ್ದೆ. ಅವರ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಅವರಪ್ಪನ ಹೆಸರು, ಸುತ್ತೂರು ಎಂಬ ಊರು ಚುಕ್ಕಿ ಚುಕ್ಕಿಯಾಗಿ ಕೆತ್ತಿತ್ತು. ನನ್ನ ಗಮನ ಬೇರೆಡೆ ಸೆಳೆಯಲೆಂದು, ಆ ಡಬ್ಬಿ ಯಾರ ಯಾರ ಮನೆ ಬಾಣಂತನಕ್ಕೆ, ಮದುವೆಗೆ ಹೋಗಿ ಬಂತೆಂದು ಹೇಳುತ್ತಿದ್ದವರು ತುತ್ತು ಕೈಯಲ್ಲೇ ಹಿಡಿದು ಮುಚ್ಚಳವನ್ನು ನನ್ನತ್ತ ತಿರುಗಿಸಿದರು.

"ನೋಡೇ, ಇದು ಎಷ್ಟು ಮನೆ ಸುತ್ತದೆ. ಯಾರಾದ್ರೂ ತಮ್ಮ ಹೆಸ್ರು ಕೆತ್ತುದ್ರಾ? ಹೊರಟ ಮನೇಲಿ ಒಂದ್ಸಲ ಹಾಕುದ್ರೆ ಮುಗೀತು ಕಣೆ. ನಾನು ಹೋದ್ ಹೋದ್ ಮನೇಲೆಲ್ಲ ಹೊಸ ನಂಬ್ರು ಕೆತ್ತಿಸ್ತಾ ಕೂತಿದೀನಿ."

ಕೈ ತೊಳೆದವರೇ ಕೀಬೋರ್ಡಿಗೆ ಕೂತರು. ಹೊರಡುವಾಗಲೇ ಊರಿನ ಹೆಸರು, ಜೊತೆಗೆ ನಂಬರು: ನಂಜನಗೂಡು ಏಳು, ನರಸೀಪುರ ಏಳು. ಆಮೇಲೆ ಯಾರೂ ಅದನ್ನು ಮುಟ್ಟುವಂತಿಲ್ಲ. ಅದೇ ಹೆಸರು, ಅದೇ ನಂಬರು ಎರಡನೇ ಸಲ ಬಂದರೆ ಮಾತ್ರ ಒಳಗೆ ಬಿಡಬಾರದು.

ಸೋಮವಾರ ಸಾಹುಕಾರರು ಫ್ಯಾಕ್ಟರಿಯಲ್ಲಿ ಮೇಡಂ ಪಕ್ಕದಲ್ಲೇ ಕೂತು ಒಂದು ಲಾರಿ ಕೇಳಿದರು. ಬೇಕೆಂದೇ ಮತ್ತೆ ಮತ್ತೆ ಲೈನು ಜೋಡಿಸಿದರು. ಇಲ್ಲಿ ನಾನು ಪ್ರಿಂಟರಿನ ಮುಂದೆಯೇ ನಿಂತಿದ್ದೆ. ಪ್ರಿಂಟರ್ ಒಂದು ಸಲ ಬಡಿದು ಸುಮ್ಮನಾಯಿತು, ಮತ್ತೆ ಬಾಯಿ ಬಿಡಲಿಲ್ಲ. ಲಾರಿ ಒಂದೇ ಹೋಯಿತು. ಆಮೇಲೆ ಫೋನಿನಲ್ಲಿ ಮೊದಲು ಬಳೆಗಳ ಸದ್ದು, ಹಿಂದೆಯೇ ಮೇಡಂ ದನಿ: "ನಿನ್ ಕೆಲಸ ಉಳೀತು ಕಣೆ." ನಾನಂತೂ ಕುಣಿದೇಬಿಟ್ಟೆ, ಗೋಡೌನಿನವರು ನೋಡಿದರೆ ನೋಡಲಿ ಎಂದು.

ಕೆಲವು ವರ್ಷಗಳ ಮೇಲೆ ಮೇಡಂ ತೀರಿಕೊಂಡರು. ಅವರ ಮಗಳು ಆ ಡಬ್ಬಿಯನ್ನು ತಂದು ನನ್ನ ಕೈಗಿಟ್ಟಳು. ಈಗ ನನ್ನ ಊಟ ಅದರಲ್ಲೇ. ಈಚೆಗೆ ಪಾತ್ರೆಗೆ ಹೆಸರು ಹಾಕುವವನು ನಮ್ಮ ಬೀದಿಗೆ ಬಂದಿದ್ದ. ಬೇರೆ ಪಾತ್ರೆಗಳಿಗೆಲ್ಲ ಹಾಕಿ ಮುಗಿಸಿ, ಇದರಲ್ಲೂ ಜಾಗ ಇದೆ, ನಿಮ್ಮ ಹೆಸರು ಹಾಕಲಾ ಎಂದ.

ಬೇಡಪ್ಪ, ಇದಕ್ಕೆ ಹೆಸರಿದೆ ಎಂದೆ.