ಟೇಪು ನಿಲ್ಲುತ್ತಿದ್ದ ಜಾಗ

ಅಣ್ಣನ ಲಾರಿಯಲ್ಲಿ ಒಂದೇ ಒಂದು ಇಂಗ್ಲಿಷ್ ರಾಕ್ ಕ್ಯಾಸೆಟ್ ಇತ್ತು. ತೊಗರಿ ಹೇರಿಕೊಂಡು ಖಜೂರಿ ದಾಟಿ ಸೊಲ್ಲಾಪುರಕ್ಕೆ ಹೋದಾಗ ಫುಟ್‌ಪಾತಿನಲ್ಲಿ ಕೊಂಡದ್ದು. ಶಾಲೆಗೆ ರಜೆ ಬಂದರೆ ನಾನು ಅವನ ಎಡಕ್ಕೆ ಕೂತು ಕೇಳುತ್ತಿದ್ದೆ. ಹಾಡಿನ ಮಾತು ನಮ್ಮಿಬ್ಬರಿಗೂ ತಿಳಿಯುತ್ತಿರಲಿಲ್ಲ, ಗಿಟಾರು ತಿಳಿಯುತ್ತಿತ್ತು. ಮೂರನೇ ಹಾಡಿನಲ್ಲಿ, ಡ್ರಮ್ಮು ಶುರುವಾಗುವ ಮುಂಚೆ, ಟೇಪು ಸಿಕ್ಕಿಕೊಂಡು ನಿಲ್ಲುತ್ತಿತ್ತು. ಅಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈಯ ಎರಡು ಬೆರಳಿನಿಂದ ಡೆಕ್ಕಿನ ಮೇಲೆ ಟಕ್ ಅಂತ ಬಡಿಯುತ್ತಿದ್ದ. ಡ್ರಮ್ಮು ಶುರುವಾಗುತ್ತಿತ್ತು. ಅವನು ನನ್ನ ಕಡೆ ತಿರುಗಿ ಮೀಸೆಯಲ್ಲೇ ನಗುತ್ತಿದ್ದ.

ಮಾಸ್ತರನಾದ ಮೇಲೆ ನನಗೆ ಹಾಡನ್ನು ಚೊಕ್ಕವಾಗಿ ಕೇಳುವ ಹುಚ್ಚು ತಲೆಗೇರಿತು. ಈಗ ದನಿಯನ್ನು ಹಿಂಡಿ ಸಣ್ಣದು ಮಾಡಿದ ಎಂಪಿತ್ರೀ ಅಂದರೆ ಮೂಗು ಮುರಿಯುತ್ತೇನೆ. ಅದೇ ಆಲ್ಬಮ್ಮನ್ನು ಹೈ ರೆಸಲ್ಯೂಷನ್ನಿನಲ್ಲಿ, ಇಪ್ಪತ್ನಾಲ್ಕು ಬಿಟ್ ಫೈಲಿನಲ್ಲಿ ಹುಡುಕಿ ಕೊಂಡೆ. ದನಿ ತಿಳಿಯಾಗಲೆಂದು ಮೊಬೈಲಿಗೆ ಸಿಕ್ಕಿಸಲು ಡ್ಯಾಕ್ ಎಂಬ ಪುಟ್ಟ ಡಬ್ಬಿ, ಒಳ್ಳೆಯ ಸ್ಪೀಕರು. ಹಾಡುವವನು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ. ಇದನ್ನು ಅಣ್ಣನಿಗೆ ಕೇಳಿಸಬೇಕು, ನಾಳೆ, ನಾಡಿದ್ದು ಅನ್ನುತ್ತಿರುವಾಗಲೇ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು, ಮಂದಿಯ ಗುರುತೂ ಹೋಯಿತು.

ಪರಿಚಯದ ಹಾಡು ಹಾಕಿ ನೋಡಿ ಎಂದು ಡಾಕ್ಟರು ಹೇಳಿದ್ದೇ ತಡ, ನಾನಿರುವ ಆಳಂದದಿಂದ ಎಲ್ಲ ಹೊತ್ತುಕೊಂಡು ಬಸ್ಸಿನಲ್ಲಿ ಅಣ್ಣನ ಮನೆಯಿರುವ ಮಾದನಹಿಪ್ಪರಗಾಕ್ಕೆ ಹೋದೆ. ಅಣ್ಣ ಗೋಡೆ ನೋಡುತ್ತ ಒರಗಿದ್ದ. ಎರಡು ಹಾಡು ಮುಗಿದರೂ ರೆಪ್ಪೆ ಅಲುಗಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಬಾಗಿಲಲ್ಲಿ ನಿಂತಿದ್ದರು.

"ತಮ್ಮಾ, ಅವರಿಗೆ ತ್ರಾಸ ಆಗಾಕತ್ತದ. ಬಂದ್ ಮಾಡು."

ಸುಮ್ಮನಿರಿ ಎಂದು ರೇಗಿದೆ. ಮೂರನೇ ಹಾಡಿನಲ್ಲಿ ಆ ಜಾಗ ಬಂತು. ಅಣ್ಣನ ಎಡಗೈ ಎದ್ದಿತು. ಎರಡು ಬೆರಳು ಮಂಚದ ಪಟ್ಟಿಗೆ ಟಕ್ ಅಂತ ಬಡಿದವು. ಈ ಹಾಡು ಅಲ್ಲಿ ನಿಲ್ಲುವುದಿಲ್ಲ, ಅಷ್ಟರಲ್ಲಿ ಡ್ರಮ್ಮು ಮುಂದೆ ಹೋಗಿಬಿಟ್ಟಿತ್ತು. ಅವನು ಮತ್ತೆ ಬಡಿದ, ಮತ್ತೆ ಬಡಿದ. ಮುಖ ಅಳುವಂತಾಯಿತು.

"ಅಣ್ಣಾ, ನಾ ಯಾರು?" ಎಂದೆ. ಗೋಡೆ ನೋಡಿದ. ಹಾಳು ಟೇಪು ನೆನಪಿದೆ, ನಾನಿಲ್ಲ. ನನಗೆ ಹೊಟ್ಟೆ ಉರಿಯಿತು, ಅಳುವೂ ಬಂತು.

ಈಗ ಭಾನುವಾರವಾದರೆ ಹೋಗುತ್ತೇನೆ. ಅಷ್ಟು ಶುದ್ಧವಾದ ಹಾಡನ್ನು ಆ ಜಾಗದಲ್ಲಿ ನಾನೇ ನಿಲ್ಲಿಸುತ್ತೇನೆ. ಅವನು ಬಡಿದ ಮೇಲೆ ಮುಂದಕ್ಕೆ ಬಿಡುತ್ತೇನೆ. ಇಷ್ಟು ಬಿಟ್ಟರೆ ನನ್ನ ಕೈಲಿ ಏನೂ ಆಗುವುದಿಲ್ಲ. ಡ್ರಮ್ಮು ಶುರುವಾದೊಡನೆ ಅವನು ಎಡಕ್ಕೆ ತಿರುಗುತ್ತಾನೆ. ಕುರ್ಚಿಯನ್ನು ಆ ಕಡೆಗೇ ಎಳೆದುಕೊಂಡು ಕೂತಿರುತ್ತೇನೆ. ಲಾರಿಯಲ್ಲಿದ್ದ ಆ ಹುಡುಗ ಎಲ್ಲಿ ಎಂದು ಅವನು ನನ್ನನ್ನು ದಾಟಿ ನೋಡುತ್ತಾನೆ.